ಕಿತ್ತಳೆ ಬಾಟಲಿಗೆ ಕಾವಲು ಯಾರು?

ಕೇಳುಗರೆಲ್ಲರಿಗೂ ನಮಸ್ಕಾರ.

ಮಡಿಕೇರಿಯಲ್ಲಿ ಈಗ ಕಿತ್ತಳೆ ಕಾಲ. ಸಂತೆಯಲ್ಲಿ ಬುಟ್ಟಿ ಕಣ್ಣಿಗೆ ಬೀಳುವ ಮೊದಲೇ ಅದರ ಘಮ ಬಂದು ಮುಟ್ಟುತ್ತದೆ. ನಾಗಪುರದ ಕಿತ್ತಳೆಯ ಹಾಗೆ ನಮ್ಮ ಕೊಡಗಿನ ಹಣ್ಣಿನ ಸಿಪ್ಪೆ ಸಡಿಲ ಅಲ್ಲ, ತೊಳೆಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಬಣ್ಣ ಹಸಿರು ಬೆರೆತ ಹಳದಿ. ಸಿಹಿಯ ಹಿಂದೆಯೇ ಒಂದು ಹುಳಿ. ಈ ಹುಳಿ ಇರುವುದರಿಂದಲೇ ನಾನು ಇವತ್ತು ಹೇಳಹೊರಟಿರುವ ಕೆಲಸ ಸಾಧ್ಯ. ಕಿತ್ತಳೆಯ ಮಾರ್ಮಲೇಡ್, ಎಂದರೆ ಸಿಪ್ಪೆಯ ಚೂರುಗಳಿರುವ ಜಾಮ್, ಮಾಡಿ, ಅದಕ್ಕೆ ಒಂದಿಷ್ಟು ರಮ್ ಸೇರಿಸಿ, ಗಾಜಿನ ಬಾಟಲಿಯಲ್ಲಿ ವರ್ಷದವರೆಗೂ ಕೆಡದ ಹಾಗೆ ಮುಚ್ಚಿಡುವುದು.

ಮೊದಲ ಸಲ ನಾನೊಬ್ಬಳೇ ಮಾಡಲು ಹೊರಟಾಗ ಆದದ್ದನ್ನು ಹೇಳಿಬಿಡುತ್ತೇನೆ. ಅತ್ತೆಯವರು ಊರಲ್ಲಿರಲಿಲ್ಲ. ಸಕ್ಕರೆ ಜಾಸ್ತಿಯಾಯಿತೆಂದು ಅವರು ಹಾಕುವುದರಲ್ಲಿ ಅರ್ಧ ಹಾಕಿದೆ. ಹೇಗೂ ರಮ್ ಇದೆಯಲ್ಲ, ಅದು ಕೆಡಲು ಬಿಡುವುದಿಲ್ಲ ಎಂದು ನನ್ನ ಲೆಕ್ಕ. ತಿಂಗಳು ಕಳೆಯುವಷ್ಟರಲ್ಲಿ ಏಳು ಬಾಟಲಿಗಳಲ್ಲಿ ಐದಕ್ಕೆ ಬೂಷ್ಟು ಹಿಡಿದಿತ್ತು. ಮುಚ್ಚಳ ತೆಗೆದರೆ ಬೂದು ಬಣ್ಣದ ನವಿರಾದ ಪದರ, ಅದರ ಕೆಳಗೆ ನಾನು ಎರಡು ದಿನ ಕೂತು ಹೆಚ್ಚಿದ ಸಿಪ್ಪೆ. ಅತ್ತೆ ಬಂದು ನೋಡಿ ಬೈಯಲಿಲ್ಲ. "ಅಲ್ಲಮ್ಮಾ, ರಮ್ ಹಾಕೋದು ಘಮಕ್ಕೆ. ಕಾಯೋದು ಸಕ್ಕರೆ, ಹುಳಿ, ಬೆಂಕಿ" ಅಂದರು. ಬೂಷ್ಟನ್ನು ಮಾತ್ರ ತೆಗೆದು ಕೆಳಗಿನದನ್ನು ಉಳಿಸೋಣವೇ ಎಂದು ಕೇಳಿದೆ. ಬೇಡ ಎಂದು ಎಲ್ಲವನ್ನೂ ಗೊಬ್ಬರದ ಗುಂಡಿಗೆ ಸುರಿಸಿದರು. ಅವರು ಮಾಡಿದ್ದೇ ಸರಿ. ಬೂಷ್ಟಿನ ಬೇರು ಕಣ್ಣಿಗೆ ಕಾಣುವುದಕ್ಕಿಂತ ಆಳಕ್ಕೆ ಇಳಿದಿರುತ್ತದೆ.

ಲೆಕ್ಕ ಹಾಕಿದರೆ ಅತ್ತೆಯವರ ಮಾತಿನ ಅರ್ಥ ತಿಳಿಯುತ್ತದೆ. ನಮ್ಮಲ್ಲಿ ಸಿಗುವ ರಮ್ಮಿನಲ್ಲಿ ಆಲ್ಕೋಹಾಲ್ ಶೇಕಡಾ 42.8. ಎರಡು ಕಿಲೋ ಮಾರ್ಮಲೇಡಿಗೆ ನಾವು ಹಾಕುವುದು 60 ಮಿಲಿಲೀಟರ್, ಎಂದರೆ ನಾಲ್ಕು ದೊಡ್ಡ ಚಮಚ. ಅದರಲ್ಲಿರುವ ಆಲ್ಕೋಹಾಲ್ 26 ಮಿಲಿಲೀಟರಿನಷ್ಟು. ಎರಡು ಕಿಲೋದಲ್ಲಿ ಹರಡಿದ ಮೇಲೆ ಅದು ಬೂಷ್ಟನ್ನೂ ತಡೆಯದು, ಹುದುಗನ್ನೂ ತಡೆಯದು. ಸಕ್ಕರೆಯ ಬಲವೇ ಬೇರೆ. ಪಾಕ ಗಟ್ಟಿಯಾದಾಗ ಅದು ನೀರನ್ನೆಲ್ಲ ತನ್ನ ಕಡೆಗೆ ಹಿಡಿದಿಟ್ಟುಕೊಳ್ಳುತ್ತದೆ, ಸೂಕ್ಷ್ಮಜೀವಿಗಳಿಗೆ ಕುಡಿಯಲು ನೀರೇ ಸಿಗುವುದಿಲ್ಲ. ನಮ್ಮ ದೇಶದ 1955ರ ಹಣ್ಣಿನ ಉತ್ಪನ್ನಗಳ ಆದೇಶದಲ್ಲಿ ಜಾಮ್ ಎಂದು ಮಾರಬೇಕಾದರೆ ಕರಗಿದ ಘನಾಂಶ, ಅದರಲ್ಲಿ ಬಹುಪಾಲು ಸಕ್ಕರೆಯೇ, ಶೇಕಡಾ 68 ಇರಬೇಕೆಂದು ಇಟ್ಟಿದ್ದು ಸುಮ್ಮನೆ ಅಲ್ಲ.

ಮದ್ಯವೇ ಹಣ್ಣನ್ನು ಕಾಯುವ ಪದ್ಧತಿ ಇಲ್ಲವೇ ಇಲ್ಲ ಅಂತಲ್ಲ. ಜರ್ಮನಿಯಲ್ಲಿ ರುಮ್‌ಟೋಪ್ಫ್ ಅಂತ ಮಾಡುತ್ತಾರೆ, ರಮ್ಮಿನ ಭರಣಿ ಎಂದು ಅದರ ಅರ್ಥ. ಬೇಸಿಗೆಯ ಮೊದಲ ಸ್ಟ್ರಾಬೆರಿ ಬಂದಾಗ ಭರಣಿಗೆ ಹಣ್ಣು, ಹಣ್ಣಿನ ಅರ್ಧ ತೂಕದಷ್ಟು ಸಕ್ಕರೆ, ಎಲ್ಲ ಮುಳುಗುವಷ್ಟು ರಮ್ ಹಾಕುತ್ತಾರೆ. ಆಮೇಲೆ ಚೆರಿ, ಏಪ್ರಿಕಾಟ್, ಪ್ಲಮ್ ಹೀಗೆ ಯಾವ ಹಣ್ಣು ಯಾವಾಗ ಬರುತ್ತದೋ ಆಗ ಅದನ್ನು ಮೇಲಿನಿಂದ ಸೇರಿಸುತ್ತ ಹೋಗಿ, ಕ್ರಿಸ್‌ಮಸ್ ಹತ್ತಿರವಾದಾಗ ಭರಣಿ ತೆರೆಯುತ್ತಾರೆ. ಒಲೆ ಹಚ್ಚುವ ಮಾತೇ ಇಲ್ಲ. ಆದರೆ ಅವರು ಅದಕ್ಕೆ ಬಳಸುವುದು ಶೇಕಡಾ 54ರ ಖಾರದ ರಮ್. ನಮ್ಮ 750 ಮಿಲಿಲೀಟರಿನ ಬಾಟಲಿಯನ್ನು ಒಂದು ಕಿಲೋ ಹಣ್ಣು, ಅರ್ಧ ಕಿಲೋ ಸಕ್ಕರೆಯ ಮೇಲೆ ಸುರಿದರೆ, ಹಣ್ಣಿನಿಂದಲೇ ಮುಕ್ಕಾಲು ಲೀಟರಿಗೂ ಹೆಚ್ಚು ನೀರು ಬಿಟ್ಟುಕೊಂಡು, ಕೊನೆಗೆ ಉಳಿಯುವ ಬಲ ಶೇಕಡಾ 17ರ ಆಸುಪಾಸು. ಅಲ್ಲಿಂದ ಇನ್ನೂ ಸ್ವಲ್ಪ ಇಳಿದರೂ ಭರಣಿ ಹುಳಿದು ನೊರೆ ಬರಲು ಶುರು. ಆ ದಾರಿ ಹಿಡಿಯುವವರು ಹಣ್ಣು ಕಡಿಮೆ, ಮದ್ಯ ಜಾಸ್ತಿ ಮಾಡಲೇಬೇಕು. ನನಗೆ ಮಾರ್ಮಲೇಡಿನ ದಾರಿಯೇ ಇಷ್ಟ. ರಮ್ ಕಡಿಮೆ ಸಾಕು, ಹಣ್ಣಿನ ರುಚಿ ಮುಂದೆ ನಿಲ್ಲುತ್ತದೆ.

ಈಗ ಅಡುಗೆಮನೆಗೆ ಬರೋಣ. ಮಾರ್ಮಲೇಡಿಗೆ ಕಹಿ ಬೇಕು. ಇಂಗ್ಲೆಂಡಿನವರು ಅದಕ್ಕೆಂದೇ ಸ್ಪೇನಿನ ಸೆವಿಲ್ ಕಡೆಯ ಕಹಿ ಕಿತ್ತಳೆ ತರಿಸುತ್ತಾರೆ. ನಮಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ, ಕೈಪುಳಿ ಇದೆ. ಕೊಡವರ ಮನೆಗಳಲ್ಲಿ ಪಜ್ಜಿ ಮಾಡುವ ಅದೇ ಕಹಿ ಕಿತ್ತಳೆ. ಅದು ಸಿಗದಿದ್ದರೆ ಹೇರಳೆಕಾಯಿ ಆದೀತು. ನನ್ನ ಅಳತೆ ಹೀಗೆ: ಕಿತ್ತಳೆ 700 ಗ್ರಾಂ, ಕೈಪುಳಿ 300 ಗ್ರಾಂ, ಎರಡು ನಿಂಬೆಹಣ್ಣು, ಒಂದೂವರೆ ಲೀಟರ್ ನೀರು, ಸಕ್ಕರೆ ಒಂದೂಕಾಲು ಕಿಲೋ.

ಹಣ್ಣನ್ನು ತೊಳೆದು ಹಿಂಡಿ ರಸ ತೆಗೆಯಿರಿ. ಸಿಪ್ಪೆಯನ್ನು ಬೆಂಕಿಕಡ್ಡಿಯ ಗಾತ್ರಕ್ಕೆ ಹೆಚ್ಚಿ. ಬೀಜ, ನಾರು, ಒಳಗಿನ ಬಿಳಿ ಪದರ ಯಾವುದನ್ನೂ ಎಸೆಯಬೇಡಿ. ಮಾರ್ಮಲೇಡ್ ಗಟ್ಟಿಯಾಗಲು ಬೇಕಾದ ಪೆಕ್ಟಿನ್ ಇರುವುದು ಅವುಗಳಲ್ಲೇ. ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ಸಿಪ್ಪೆ, ರಸ, ನೀರಿನ ಜೊತೆ ರಾತ್ರಿಯಿಡೀ ನೆನೆಯಲು ಬಿಡಿ. ಬೆಳಿಗ್ಗೆ ಗಂಟನ್ನು ಮುಟ್ಟಿದರೆ ಲೋಳೆ ಲೋಳೆಯಾಗಿರುತ್ತದೆ. ಬೆಂಡೆಕಾಯಿ ಹೆಚ್ಚಿದ ಕೈ ನೆನಪಾಗುತ್ತದೆ. ಸಣ್ಣ ಉರಿಯಲ್ಲಿ ಒಂದೂವರೆ ಗಂಟೆ ಬೇಯಿಸಿ. ಸಿಪ್ಪೆಯ ಚೂರೊಂದನ್ನು ಬೆರಳ ನಡುವೆ ಒತ್ತಿದರೆ ಪೂರ್ತಿ ಮಸೆದು ಹೋಗಬೇಕು. ಅಲ್ಲಿಯವರೆಗೂ ಸಕ್ಕರೆ ಹಾಕುವಂತಿಲ್ಲ. ಸಕ್ಕರೆ ಬಿದ್ದ ಮೇಲೆ ಸಿಪ್ಪೆ ಮೆತ್ತಗಾಗುವುದಿಲ್ಲ, ಎಷ್ಟು ಬೇಯಿಸಿದರೂ ಅಗಿಯಬೇಕಾಗುತ್ತದೆ. ಆಮೇಲೆ ಗಂಟನ್ನು ಚೆನ್ನಾಗಿ ಹಿಂಡಿ ಅದರ ಲೋಳೆಯನ್ನೆಲ್ಲ ಪಾತ್ರೆಗೆ ಬಿಡಿ.

ಪೆಕ್ಟಿನ್ ಸಾಕಷ್ಟು ಇಳಿದಿದೆಯೇ ಎಂದು ನೋಡಲು ಒಂದು ಉಪಾಯವಿದೆ, ಅದೂ ಆಲ್ಕೋಹಾಲಿನದೇ. ಒಂದು ಚಮಚ ರಸವನ್ನು ಆರಿಸಿ, ಗಾಜಿನ ಲೋಟದಲ್ಲಿ ಮೂರು ಚಮಚ ಸರ್ಜಿಕಲ್ ಸ್ಪಿರಿಟ್ ಜೊತೆ ಮೆಲ್ಲಗೆ ಅಲುಗಿಸಿ ಒಂದು ನಿಮಿಷ ಬಿಡಿ. ಒಂದೇ ಮುದ್ದೆಯಾಗಿ ಹೆಪ್ಪುಗಟ್ಟಿದರೆ ಪೆಕ್ಟಿನ್ ಚೆನ್ನಾಗಿದೆ. ಚೂರು ಚೂರಾಗಿ ತೇಲಿದರೆ ಇನ್ನಷ್ಟು ಹೊತ್ತು ಕುದಿಯಲಿ. ಆ ಲೋಟದಲ್ಲಿರುವುದು ವಿಷ. ನಾಲಿಗೆಗೆ ತಾಗಿಸದೆ ಚೆಲ್ಲಿ, ಲೋಟವನ್ನು ಚೆನ್ನಾಗಿ ತೊಳೆದಿಡಿ. ಆಲ್ಕೋಹಾಲಿಗೆ ಪೆಕ್ಟಿನ್ನನ್ನು ಹೆಪ್ಪುಗಟ್ಟಿಸುವ ಈ ಗುಣ ಇರುವುದರಿಂದಲೇ ರಮ್ಮನ್ನು ಕೊನೆಯಲ್ಲಿ, ಅಳತೆ ಮೀರದೆ ಹಾಕಬೇಕು ಎನ್ನುವುದು.

ಸಕ್ಕರೆ ಹಾಕಿ, ಪೂರ್ತಿ ಕರಗಿದ ಮೇಲೆ ಉರಿ ದೊಡ್ಡದು ಮಾಡಿ. ಇಲ್ಲಿಂದ ಒಲೆ ಬಿಟ್ಟು ಕದಲಬೇಡಿ. ಮೊದಲು ಬಿಳಿ ನೊರೆ ಉಕ್ಕುತ್ತದೆ, ಆಮೇಲೆ ನೊರೆ ಕುಸಿದು ಗುಳ್ಳೆ ದಪ್ಪಗಾಗಿ ಗುಳುಗುಳು ಎಂಬ ಸದ್ದು ಭಾರವಾಗುತ್ತದೆ.

ಈಗ ಬಹಳ ಜನ ಎಡವುವ ಜಾಗಕ್ಕೆ ಬಂದೆವು. ಪುಸ್ತಕಗಳಲ್ಲಿ ಮಾರ್ಮಲೇಡ್ 105 ಡಿಗ್ರಿಗೆ ಹದ ಬರುತ್ತದೆ ಎಂದು ಬರೆದಿರುತ್ತದೆ. ಸಮುದ್ರಮಟ್ಟದಲ್ಲಿ ಅದು ಸರಿ. ಅಲ್ಲಿ ನೀರು ಕುದಿಯುವುದು 100 ಡಿಗ್ರಿಗೆ, ಹದ ಬರುವುದು ಅದಕ್ಕಿಂತ ನಾಲ್ಕೂವರೆ ಐದು ಡಿಗ್ರಿ ಮೇಲೆ. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ಇಲ್ಲಿ ನೀರು 96 ಡಿಗ್ರಿಗೇ ಕುದಿಯುತ್ತದೆ. ಹಾಗಾಗಿ ನಮ್ಮ ಹದ 100ರಿಂದ 101 ಡಿಗ್ರಿ. 105ರವರೆಗೆ ಕಾಯುತ್ತ ಕೂತರೆ ಸಕ್ಕರೆ ಕಂದಿ, ತಣ್ಣಗಾದ ಮೇಲೆ ಚಮಚ ನಾಟದಷ್ಟು ಗಟ್ಟಿಯಾಗುತ್ತದೆ. ನನಗೂ ಒಂದು ವರ್ಷ ಹಾಗೆಯೇ ಆಯಿತು, ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಚಾಕುವಿನಿಂದ ಬಿಡಿಸಬೇಕಾಯಿತು. ನಿಮ್ಮ ಊರು ಯಾವುದೇ ಆಗಿರಲಿ, ಮೊದಲು ಬರೀ ನೀರು ಕುದಿಸಿ ಥರ್ಮಾಮೀಟರ್ ಇಟ್ಟು ನೋಡಿ, ಅದಕ್ಕೆ ನಾಲ್ಕೂವರೆ ಕೂಡಿಸಿ. ಥರ್ಮಾಮೀಟರ್ ಇಲ್ಲದಿದ್ದರೆ ತಟ್ಟೆಯ ಪರೀಕ್ಷೆ ಸಾಕು. ಫ್ರಿಜ್ಜಿನಲ್ಲಿಟ್ಟ ತಟ್ಟೆಯ ಮೇಲೆ ಅರ್ಧ ಚಮಚ ಬಿಟ್ಟು, ಒಂದು ನಿಮಿಷದ ಮೇಲೆ ಬೆರಳಿನಿಂದ ತಳ್ಳಿ. ಮೇಲ್ಮೈ ಸುಕ್ಕುಗಟ್ಟಿದರೆ ಹದ ಬಂದಿದೆ. ಈ ಪರೀಕ್ಷೆ ಮಾಡುವಾಗ ಒಲೆ ಆರಿಸಿರಿ, ಇಲ್ಲದಿದ್ದರೆ ಅಷ್ಟರಲ್ಲೇ ಹದ ಮೀರಿ ಹೋಗುತ್ತದೆ.

ಒಲೆ ಆರಿಸಿ ಐದು ನಿಮಿಷ ಬಿಡಿ. ಸಿಪ್ಪೆ ತೇಲುವುದನ್ನು ನಿಲ್ಲಿಸಿ ಎಲ್ಲ ಕಡೆ ಸಮವಾಗಿ ನಿಲ್ಲುತ್ತದೆ. ಆಗ ನಾಲ್ಕು ಚಮಚ ರಮ್ ಹಾಕಿ ತಿರುವಿ. ಆಲ್ಕೋಹಾಲ್ 78 ಡಿಗ್ರಿಗೇ ಕುದಿಯುವುದರಿಂದ ಒಮ್ಮೆಲೆ ಬುಸ್ಸೆಂದು ಗುಳ್ಳೆ ಏಳುತ್ತದೆ, ಹೆದರಬೇಡಿ. ಪಕ್ಕದ ಒಲೆಯಲ್ಲೂ ಉರಿ ಇರಬಾರದು, ಆವಿಗೆ ಬೆಂಕಿ ಹತ್ತಿಕೊಳ್ಳುತ್ತದೆ. ಮನೆಯಲ್ಲಿ ಬ್ರಾಂಡಿ ಇದ್ದರೆ ಬ್ರಾಂಡಿ, ವಿಸ್ಕಿ ಇದ್ದರೆ ವಿಸ್ಕಿ. ನನಗೆ ಕಪ್ಪು ರಮ್ಮೇ ಸರಿ. ಅದು ಕಬ್ಬಿನ ಕಾಕಂಬಿಯಿಂದ ಬಂದದ್ದು, ಕಿತ್ತಳೆಯ ಕಹಿಯ ಪಕ್ಕದಲ್ಲಿ ಬೆಲ್ಲದ ಒಂದು ನೆನಪನ್ನು ತಂದಿಡುತ್ತದೆ. ಎಲ್ಲಿಂದ ಬಂತೆಂದು ಗೊತ್ತಿಲ್ಲದ, ಚೀಟಿಯಿಲ್ಲದ ಮದ್ಯವನ್ನು ಮಾತ್ರ ಅಡುಗೆಮನೆಯೊಳಗೆ ತರಲೇಬೇಡಿ. ಅದರಲ್ಲಿ ಮೆಥನಾಲ್ ಇದ್ದರೆ ಕಣ್ಣು ಹೋಗುತ್ತದೆ, ಪ್ರಾಣವೂ ಹೋಗುತ್ತದೆ.

ಇನ್ನು ಬಾಟಲಿ. ಇಲ್ಲಿ ನಿಕೋಲಾ ಅಪೇರ್ ಎಂಬ ಫ್ರೆಂಚ್ ಮಿಠಾಯಿಗಾರನನ್ನು ನೆನೆಯಬೇಕು. ಗಾಜಿನ ಬಾಟಲಿಗೆ ಆಹಾರ ತುಂಬಿ, ಬಿರಡೆ ಬಿಗಿದು, ಬಾಟಲಿಯನ್ನೇ ಕುದಿಯುವ ನೀರಿನಲ್ಲಿಟ್ಟರೆ ತಿಂಗಳುಗಟ್ಟಲೆ ಕೆಡದು ಎಂದು ಕಂಡುಕೊಂಡವನು ಅವನು. 1810ರಲ್ಲಿ ಫ್ರಾನ್ಸ್ ಸರ್ಕಾರ ಅವನಿಗೆ 12,000 ಫ್ರಾಂಕ್ ಕೊಟ್ಟಿತು, ವಿಧಾನವನ್ನು ಗುಟ್ಟು ಮಾಡದೆ ಪ್ರಕಟಿಸಬೇಕು ಎಂಬ ಷರತ್ತಿನ ಮೇಲೆ. ಯಾಕೆ ಕೆಡುವುದಿಲ್ಲ ಎಂಬುದು ಅವನಿಗೂ ತಿಳಿದಿರಲಿಲ್ಲ. ಸೂಕ್ಷ್ಮಜೀವಿಗಳನ್ನು ಅಭ್ಯಸಿಸಿದ ವಿಜ್ಞಾನಿ ಲೂಯಿ ಪಾಶ್ಚರ್ ಅದನ್ನು ವಿವರಿಸಲು ಇನ್ನೂ ಅರ್ಧ ಶತಮಾನ ಬೇಕಾಯಿತು. ಕಾರಣ ತಿಳಿಯದೆಯೂ ಕೈಯ ಅನುಭವವನ್ನೇ ನಂಬಿ ಅಷ್ಟು ಸರಿಯಾಗಿ ಮಾಡಿದನಲ್ಲ ಎಂದು ಬಾಟಲಿ ಕುದಿಸುವಾಗಲೆಲ್ಲ ನನಗೆ ಅವನ ಮೇಲೆ ಗೌರವ ಬರುತ್ತದೆ.

ತೊಳೆದ ಬಾಟಲಿಗಳನ್ನು ಹತ್ತು ನಿಮಿಷ ಕುದಿಸಿ, ಬಿಸಿಯಿರುವಾಗಲೇ ಬಿಸಿ ಮಾರ್ಮಲೇಡ್ ತುಂಬಿ. ತಣ್ಣನೆಯ ಗಾಜಿಗೆ ಸುರಿದರೆ ಸೀಳಿಬಿಡುತ್ತದೆ. ಬಾಯಿಯಿಂದ ಕಾಲು ಅಂಗುಲ ಕೆಳಗೆ ನಿಲ್ಲಿಸಿ, ಅಂಚನ್ನು ಒರೆಸಿ, ಹೊಸ ಮುಚ್ಚಳ ಹಾಕಿ. ಬಾಟಲಿಯನ್ನು ಮತ್ತೆ ಬಳಸಬಹುದು, ಮುಚ್ಚಳವನ್ನಲ್ಲ. ಅದರೊಳಗಿನ ಮೆತ್ತನೆಯ ಪಟ್ಟಿ ಒಂದು ಸಲ ಒತ್ತಿಸಿಕೊಂಡ ಮೇಲೆ ಮತ್ತೆ ಸರಿಯಾಗಿ ಕೂರುವುದಿಲ್ಲ. ದೊಡ್ಡ ಪಾತ್ರೆಯ ತಳಕ್ಕೆ ಬಟ್ಟೆ ಹಾಸಿ, ಬಾಟಲಿಗಳನ್ನು ನಿಲ್ಲಿಸಿ, ಮುಚ್ಚಳದ ಮೇಲೆ ಒಂದು ಅಂಗುಲ ಬಿಸಿನೀರು ನಿಲ್ಲುವಂತೆ ತುಂಬಿ ಕುದಿಸಿ. ಮಂಗಳೂರಿನವರಿಗೆ ಐದು ನಿಮಿಷ ಸಾಕು. ಮೈಸೂರು, ಬೆಂಗಳೂರು, ಮಡಿಕೇರಿಯವರು ಹತ್ತು ನಿಮಿಷ ಕುದಿಸಬೇಕು, ನಮ್ಮ ನೀರಿನ ಬಿಸಿಯೇ ಕಡಿಮೆ. ಬಾಟಲಿಯನ್ನು ತಲೆಕೆಳಗೆ ನಿಲ್ಲಿಸುವುದು, ಮೇಲೆ ಕರಗಿದ ಮೇಣ ಸುರಿಯುವುದು ಇವೆಲ್ಲ ಹಳೆಯ ರೂಢಿಗಳು. ಕುದಿಸುವುದರ ಬದಲು ಅವುಗಳನ್ನು ನೆಚ್ಚಿಕೊಳ್ಳಬೇಡಿ. ತೆಗೆದು ಆರಲು ಇಟ್ಟಾಗ ಒಂದೊಂದೇ ಮುಚ್ಚಳ ಟಕ್ ಎಂದು ಒಳಗೆ ಕುಸಿಯುತ್ತದೆ. ರಾತ್ರಿ ಮಲಗಿದಲ್ಲಿಂದ ನಾನು ಆ ಸದ್ದನ್ನು ಎಣಿಸುತ್ತೇನೆ. ಮಾರನೆಯ ದಿನ ಮುಚ್ಚಳದ ನಡುವೆ ಒತ್ತಿದರೆ ಅಲುಗಬಾರದು. ಅಲುಗಿದ್ದನ್ನು ಫ್ರಿಜ್ಜಿಗಿಟ್ಟು ಮೊದಲು ಖಾಲಿ ಮಾಡಿ.

ಇದೇ ವಿಧಾನವನ್ನು ಎಲ್ಲ ಹಣ್ಣಿಗೂ ಹಚ್ಚಬಾರದು. ಕಿತ್ತಳೆ, ನಿಂಬೆಗಳಲ್ಲಿ ಹುಳಿ ಇದೆ. ಬಾಳೆ, ಪರಂಗಿ, ಅಂಜೂರ, ಸಪೋಟಗಳಲ್ಲಿ ಹುಳಿ ಸಾಲದು. ಹುಳಿಯನ್ನು ಅಳೆಯುವುದು ಪಿಎಚ್‌ನಲ್ಲಿ, ಹುಳಿ ಕಡಿಮೆಯಾದಷ್ಟೂ ಅದು ಏರುತ್ತದೆ. ಅದು 4.6ಕ್ಕಿಂತ ಮೇಲಿದ್ದರೆ ಗಾಳಿಯಾಡದ ಬಾಟಲಿಯಲ್ಲಿ ಬಾಟ್ಯುಲಿಸಂ ಎಂಬ ಮಾರಕ ಕಾಯಿಲೆ ತರುವ ಬ್ಯಾಕ್ಟೀರಿಯ ಬೆಳೆಯಬಹುದು, ಅದರ ವಿಷಕ್ಕೆ ಬಣ್ಣವೂ ಇಲ್ಲ ವಾಸನೆಯೂ ಇಲ್ಲ. ನಾಲ್ಕು ಚಮಚ ರಮ್ ಅದನ್ನು ತಡೆಯುವುದಿಲ್ಲ. ಆ ಹಣ್ಣುಗಳನ್ನು ರಮ್ಮಿನಲ್ಲಿ ಮಾಡಿದರೆ ಫ್ರಿಜ್ಜಿನಲ್ಲಿಟ್ಟು ಬೇಗ ತಿಂದು ಮುಗಿಸಿ.

ಇನ್ನೊಂದು ಮಾತು ಹೇಳಲೇಬೇಕು. ಬಿಸಿಗೆ ಹಾಕಿದ ಮೇಲೆ ಮದ್ಯವೆಲ್ಲ ಆವಿಯಾಗಿ ಹೋಗುತ್ತದೆ ಎನ್ನುವವರು ಬಹಳ. ಹಾಗಲ್ಲ. ಒಲೆಯಿಂದ ಇಳಿಸಿದ ಬಿಸಿ ಪದಾರ್ಥಕ್ಕೆ ಸೇರಿಸಿದ ಆಲ್ಕೋಹಾಲಿನಲ್ಲಿ ಶೇಕಡಾ 85ರಷ್ಟು ಹಾಗೇ ಉಳಿಯುತ್ತದೆ. ಕಾಲು ಗಂಟೆ ಕುದಿಸಿದರೂ ಶೇಕಡಾ 40 ಉಳಿದೇ ಇರುತ್ತದೆ. ಚಮಚದ ಲೆಕ್ಕದಲ್ಲಿ ಅದು ಅಲ್ಪವೇ ಇರಬಹುದು. ಆದರೆ ವ್ರತ, ಧರ್ಮ, ಔಷಧಿ, ಕುಡಿತ ಬಿಡುವ ಹೋರಾಟ ಹೀಗೆ ಮುಟ್ಟದಿರಲು ಒಬ್ಬೊಬ್ಬರಿಗೂ ಒಂದೊಂದು ಕಾರಣ ಇರುತ್ತದೆ. ಅವರಿಗೆ ಹೇಳದೆ ದೋಸೆಗೆ ಸವರಿ ಕೊಡುವುದು ದ್ರೋಹ. ನಮ್ಮಲ್ಲಿ ಅರ್ಧ ಬಾಟಲಿಗಳನ್ನು ರಮ್ ಹಾಕುವ ಮೊದಲೇ ತುಂಬಿ ಬೇರೆ ಇಡುತ್ತೇವೆ. ಮಕ್ಕಳ ತಟ್ಟೆಗೆ ಹೋಗುವುದು ಅವೇ. ರಮ್ ಇರುವುದಕ್ಕೆ ಕೆಂಪು ಚೀಟಿ, ಇಲ್ಲದ್ದಕ್ಕೆ ಬಿಳಿ ಚೀಟಿ.

ಚೀಟಿಯ ಮೇಲೆ ತಾರೀಖಿನ ಜೊತೆ ಯಾವ ಮರದ ಹಣ್ಣು ಎಂದೂ ಬರೆಯುವುದು ಅತ್ತೆಯವರ ಪದ್ಧತಿ. ಅವರು ಮದುವೆಯಾಗಿ ಬಂದಾಗ ತೋಟದಲ್ಲಿ ಕಾಫಿ ಗಿಡಗಳ ನಡುವೆ ಎಲ್ಲಿ ನೋಡಿದರೂ ಕಿತ್ತಳೆ ಮರಗಳಿದ್ದವಂತೆ. ಗ್ರೀನಿಂಗ್ ರೋಗ ಬಂದು ಎಲೆ ಹಳದಿಯಾಗಿ, ಕೊಂಬೆ ತುದಿಯಿಂದ ಒಣಗುತ್ತ ಒಂದೊಂದೇ ಹೋದವು. ಈಗ ನಮಗೆ ಉಳಿದಿರುವುದು ನಾಲ್ಕು. ಬಾವಿಯ ಪಕ್ಕದ ಮರವನ್ನು ಕಳೆದ ಮಳೆಗಾಲಕ್ಕೆ ಮುಂಚೆ ಕಡಿಸಬೇಕಾಯಿತು. ಅದರ ಕೊನೆಯ ಹಣ್ಣಿನ ಕೆಂಪು ಚೀಟಿಯ ಬಾಟಲಿ ಒಂದು ಕಪಾಟಿನಲ್ಲಿದೆ. ಈ ಕ್ರಿಸ್‌ಮಸ್ ರಜೆಗೆ ಮಗಳು ಬಂದಾಗ ಅದನ್ನು ತೆರೆಯುತ್ತೇವೆ.

ನಮಸ್ಕಾರ.