ಹೊರಗಿನಿಂದ ಬಂದ ಗೆರೆ

ಕೇಳುಗರಿಗೆ ನಮಸ್ಕಾರ.

ರಸ್ತೆ ವಿನ್ಯಾಸ ಮಾಡುವವರ ಕಂಪ್ಯೂಟರಿಗೆ ದಿನವೂ ಗೆರೆಗಳು ಬಂದು ಬೀಳುತ್ತವೆ. ಸರ್ವೆಯವರು ಕಳಿಸಿದ್ದು, ಹಿಂದಿನ ತಂಡ ಬಿಟ್ಟುಹೋದದ್ದು, ಬೇರೆ ಸಾಫ್ಟ್‌ವೇರ್‌ನಿಂದ ಬಂದದ್ದು. ಫೈಲ್ ತೆರೆದರೆ ರಸ್ತೆ ಚೆನ್ನಾಗೇ ಕಾಣುತ್ತದೆ. ಇಲ್ಲೊಂಚೂರು ಎಳೆದರೆ ಆಯ್ತು ಅಂತ ಮೌಸ್ ಹಿಡಿಯುತ್ತೇವೆ. ತೊಂದರೆ ಶುರುವಾಗುವುದೇ ಆಗ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಹಾಗೇ ಎಳೆದಿದ್ದೆ. ತಿರುವು ಸರಿಯಿತು. ಅದರ ಮುಂದಿನ ನೇರ ಗೆರೆ ಇದ್ದಲ್ಲೇ ಉಳಿಯಿತು. ನಡುವೆ ಕೂದಲೆಳೆಯಷ್ಟು ಸಂದು. ಕಣ್ಣಿಗೆ ಕಾಣಲಿಲ್ಲ, ಆದರೆ ಚೈನೇಜ್, ಅಂದರೆ ರಸ್ತೆಯ ಶುರುವಿನಿಂದ ಅಳೆಯುತ್ತಾ ಬರುವ ದೂರದ ಲೆಕ್ಕ, ಅಲ್ಲಿಗೇ ನಿಂತುಬಿಟ್ಟಿತ್ತು. ಕಾರಣ ಹುಡುಕುವುದರಲ್ಲೇ ಅರ್ಧ ದಿನ ಹೋಯಿತು.

ಯಾಕೆ ಹೀಗಾಗುತ್ತದೆ? ರಸ್ತೆಯ ನಡುಗೆರೆಯಲ್ಲಿ ಸಾಮಾನ್ಯವಾಗಿ ಮೂರು ಬಗೆಯ ತುಂಡುಗಳಿರುತ್ತವೆ. ನೇರ ಗೆರೆ, ವೃತ್ತದ ಕಂಸ, ಇವೆರಡರ ನಡುವೆ ಸ್ಪೈರಲ್. ಡ್ರೈವರ್ ಸ್ಟೀರಿಂಗನ್ನು ನಿಧಾನವಾಗಿ ತಿರುಗಿಸುತ್ತಾ ಹೋಗುತ್ತಾನಲ್ಲ, ಆ ಹೊತ್ತಿನಲ್ಲಿ ಗಾಡಿ ಓಡುವ ದಾರಿಯೇ ಸ್ಪೈರಲ್. ಸಾಫ್ಟ್‌ವೇರ್‌ನಲ್ಲಿ ಹೊಸದಾಗಿ ಬರೆಯುವಾಗ ಈ ತುಂಡುಗಳು ಒಂದರ ಕೈ ಒಂದು ಹಿಡಿದಿರುತ್ತವೆ. ಸಿವಿಲ್ ಥ್ರೀಡಿ ಅನ್ನುವ ವಿನ್ಯಾಸದ ಸಾಫ್ಟ್‌ವೇರ್‌ನಲ್ಲಿ ಇದಕ್ಕೆ ಫಿಕ್ಸ್‌ಡ್, ಫ್ಲೋಟಿಂಗ್, ಫ್ರೀ ಅಂತ ಮೂರು ಹೆಸರಿವೆ. ಫಿಕ್ಸ್‌ಡ್ ಯಾರ ಕೈಯನ್ನೂ ಹಿಡಿಯದು. ಫ್ಲೋಟಿಂಗ್ ಒಂದು ಕಡೆ ಹಿಡಿದಿರುತ್ತದೆ, ಫ್ರೀ ಎರಡೂ ಕಡೆ. ಹೆಸರು ಮಾತ್ರ ತಿರುಗಾಮುರುಗಾ ಅನ್ನಿಸುತ್ತದೆ, ಅಲ್ವಾ? ಎರಡೂ ಕಡೆ ಕಟ್ಟಿಹಾಕಿದ್ದಕ್ಕೆ ಫ್ರೀ ಅಂತ ಕರೆದಿದ್ದಾರೆ!

ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ವಿನ್ಯಾಸ ಸಾಗಿಸುವ ಲ್ಯಾಂಡ್‌ಎಕ್ಸ್‌ಎಂಎಲ್ ಫೈಲಿನಲ್ಲಿ ಬರುವ ಅಲೈನ್‌ಮೆಂಟ್‌ಗೆ, ಅಂದರೆ ಆ ನಡುಗೆರೆಗೆ, ತ್ರಿಜ್ಯ, ಉದ್ದ ಎಲ್ಲ ಇರುತ್ತದೆ. ಕೈ ಹಿಡಿದ ನೆನಪು ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ತುಂಡುಗಳು ಒಂದೇ ಬೆಂಚಿನ ಮೇಲೆ ಪಕ್ಕಪಕ್ಕ ಕೂತ ಅಪರಿಚಿತರ ಹಾಗೆ ಕೂತಿರುತ್ತವೆ. ಒಬ್ಬರು ಎದ್ದರೆ ಇನ್ನೊಬ್ಬರಿಗೇನು?

ಬರೀ ಪಾಲಿಲೈನ್, ಅಂದರೆ ಬಿಂದುಗಳನ್ನು ಜೋಡಿಸಿದ ಗೆರೆ, ಬಂದರೆ ಪಾಡು ಇನ್ನೂ ಜಾಸ್ತಿ. 300 ಮೀಟರ್ ತ್ರಿಜ್ಯದ ತಿರುವಿನ ಮೇಲೆ ಯಾರೋ 10 ಮೀಟರಿಗೊಂದು ಬಿಂದು ಇಟ್ಟು, ಅವನ್ನು ನೇರ ಗೆರೆಗಳಿಂದ ಸೇರಿಸಿದ್ದಾರೆ ಅಂದುಕೊಳ್ಳಿ. ಪ್ರತಿ ತುಂಡೂ ನಿಜವಾದ ತಿರುವಿನಿಂದ ಹೆಚ್ಚೆಂದರೆ ಸುಮಾರು 4 ಸೆಂಟಿಮೀಟರ್ ಒಳಗೆ ಬೀಳುತ್ತದೆ. ಅಷ್ಟೇ ತಾನೇ ಅನ್ನಬೇಡಿ. ಪ್ರತಿ ಬಿಂದುವಿನಲ್ಲಿ ರಸ್ತೆ ಹತ್ತಿರಹತ್ತಿರ 2 ಡಿಗ್ರಿ ಸಟಕ್ಕನೆ ತಿರುಗುತ್ತದೆ. ಸಾಫ್ಟ್‌ವೇರ್‌ಗೆ ಅಲ್ಲಿ ತಿರುವೇ ಕಾಣುವುದಿಲ್ಲ, ತ್ರಿಜ್ಯವೂ ಸಿಗುವುದಿಲ್ಲ. ತಿರುವಿನಲ್ಲಿ ರಸ್ತೆಯ ಹೊರ ಅಂಚನ್ನು ಎಷ್ಟು ಎತ್ತಬೇಕು ಅಂತ ಯಾವ ಲೆಕ್ಕದ ಮೇಲೆ ಹೇಳಬೇಕು ಅದು?

ಇಂಥ ಗೆರೆಯ ಬಿಂದುಗಳನ್ನು ಒಂದೊಂದಾಗಿ ಎಳೆಯುತ್ತಾ ಕೂರುವುದು ಸುಮ್ನೆ ದಂಡ. ನಾನು ಮೂಲ ಗೆರೆಯನ್ನು ಬೇರೆ ಲೇಯರಿಗೆ ಹಾಕಿ ಬೀಗ ಹಾಕುತ್ತೇನೆ. ಅದರ ಮೇಲೆ ಮೊದಲು ನೇರ ಭಾಗಗಳನ್ನು ಹುಡುಕಿ ಬರೆಯುತ್ತೇನೆ. ಆಮೇಲೆ ಅವುಗಳ ನಡುವೆ ಎರಡೂ ಕಡೆ ಕೈ ಹಿಡಿಯುವ ತಿರುವನ್ನು ಕೂರಿಸುತ್ತೇನೆ. ಕೊನೆಗೆ ಹಳೆಯದಕ್ಕೂ ಹೊಸದಕ್ಕೂ ಎಲ್ಲೆಲ್ಲಿ ಎಷ್ಟು ಅಂತರ ಇದೆ ಅಂತ ಅಳೆದು ನೋಡುತ್ತೇನೆ.

ತ್ರಿಜ್ಯ ಎಷ್ಟು ಕೊಡಬೇಕು? ಬಿಂದುಗಳಿಗೆ ಹೊಂದುವ ತಿರುವನ್ನು ಸಾಫ್ಟ್‌ವೇರೇ ಹುಡುಕಿಕೊಡುತ್ತದೆ. 298.73 ಅಂತ ಬಂತು ಅನ್ನಿ. ಯಾರೂ 298.73 ಅಂತ ವಿನ್ಯಾಸ ಮಾಡುವುದಿಲ್ಲ, 300 ಇಟ್ಟಿರಬೇಕು. ಹಾಗಾಗಿ 300 ಕೊಟ್ಟು ಅಂತರ ನೋಡಿ. ಆದರೆ ವಿನ್ಯಾಸವೇ ಇಲ್ಲದೆ, ಗಾಡಿ ಓಡಾಡಿ ತಾನಾಗಿ ಆದ ರಸ್ತೆಯಾದರೆ 300 ಅನ್ನುವುದಕ್ಕೆ ಯಾವ ಪವಿತ್ರತೆಯೂ ಇಲ್ಲ. ಅಲ್ಲಿ ನೆಲದ ಮೇಲೆ ಇರುವುದೇ ಸರಿ.

ಅಳತೆಯ ಘಟಕವನ್ನೂ ಮೊದಲೇ ನೋಡಿಕೊಳ್ಳಿ. ಅಮೆರಿಕದ ಫೈಲಾದರೆ ಸರ್ವೆ ಅಡಿ, ಅಂತಾರಾಷ್ಟ್ರೀಯ ಅಡಿ ಅಂತ ಎರಡು ಬಗೆಯ ಅಡಿಗಳಿವೆ. 2022ರ ಕೊನೆಗೆ ಅಲ್ಲಿ ಸರ್ವೆ ಅಡಿಯನ್ನು ಅಧಿಕೃತವಾಗಿ ಕೈಬಿಟ್ಟರು, ಹಳೆಯ ಫೈಲುಗಳಲ್ಲಿ ಅದು ಇನ್ನೂ ಇದೆ. ಎರಡಕ್ಕೂ ವ್ಯತ್ಯಾಸ 10 ಲಕ್ಷ ಅಡಿಗೆ 2 ಅಡಿ. ನಿರ್ದೇಶಾಂಕಗಳು ಅಷ್ಟು ದೊಡ್ಡವಾದರೆ ರಸ್ತೆಗೆ ರಸ್ತೆಯೇ ಪಕ್ಕಕ್ಕೆ ಸರಿದು ಕೂರುತ್ತದೆ.

ಇನ್ನು ಚೈನೇಜ್. 30 ಡಿಗ್ರಿ ತಿರುವಿನ ತ್ರಿಜ್ಯವನ್ನು 300ರಿಂದ 350ಕ್ಕೆ ಏರಿಸಿದರೆ ರಸ್ತೆ ಸುಮಾರು 60 ಸೆಂಟಿಮೀಟರ್ ಗಿಡ್ಡವಾಗುತ್ತದೆ. ಮುಂದಿನ ಸೇತುವೆ, ಮೋರಿ ಎಲ್ಲದರ ಚೈನೇಜ್ ಅಷ್ಟೇ ಕಡಿಮೆಯಾಗುತ್ತದೆ. ಏರಿಳಿತದ ನಕ್ಷೆ ಮಾತ್ರ ಹಳೆಯ ಚೈನೇಜನ್ನೇ ನಂಬಿಕೊಂಡಿರುತ್ತದೆ. ಹಾಗಾಗಿ ತಿರುವು ಮುಗಿದ ಕಡೆ ಒಂದು ಸ್ಟೇಷನ್ ಈಕ್ವೇಶನ್ ಹಾಕಿ. ಅಂದರೆ, ಹಿಂದಿನ ಲೆಕ್ಕದಲ್ಲಿ ಇಷ್ಟು, ಇಲ್ಲಿಂದ ಮುಂದೆ ಇಷ್ಟು ಅಂತ ಬರೆದಿಡುವುದು. ಆಗ ಮುಂದಿನ ಮೋರಿಗೆ ಹಳೆಯ ನಂಬರೇ ಉಳಿಯುತ್ತದೆ. ಏರಿಳಿತದ ನಕ್ಷೆ ಸರಿಯಾಗಿ ಕೂತಿದೆಯಾ ಅಂತ ಮಾತ್ರ ಆ ಮೋರಿಯ ಹತ್ತಿರ ಹೋಗಿ ನೀವೇ ನೋಡಬೇಕು.

ನಮಸ್ಕಾರ.