ರೈ ಹಾರ್ಬರ್: ಕಲ್ಲಿನ ಬೀಚಲ್ಲಿ ಬೋಂಡನ ಜೊತೆ

ಮೈಕ್ ಕೆಟ್ಟಿದೆ ಅಂದುಕೊಳ್ಳಬೇಡಿ. ಈ ಕರಕರ ಸದ್ದು ಕಾಲಡಿಯ ಕಲ್ಲಿನದು. ನಾವಿರುವುದು ಇಂಗ್ಲೆಂಡಿನ ಈಸ್ಟ್ ಸಸೆಕ್ಸ್‌ನ ರೈ ಹಾರ್ಬರ್ ನೇಚರ್ ರಿಸರ್ವ್‌ನಲ್ಲಿ. ಮಲ್ಪೆಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದು ರೂಢಿಯಾದವರು ಇಲ್ಲಿಗೆ ಗಟ್ಟಿ ಶೂ ಹಾಕಿಕೊಂಡೇ ಬನ್ನಿ. ನಮ್ಮ ನಾಯಿ ಬೋಂಡನಿಗೆ ಮಾತ್ರ ಯಾವ ಚಿಂತೆಯೂ ಇಲ್ಲ, ಪ್ರತಿ ಕಲ್ಲನ್ನೂ ಮೂಸಿಯೇ ಮುಂದೆ ಹೋಗಬೇಕು.

ಕಾರ್ ಪಾರ್ಕ್ ಪಕ್ಕದ ಆ ದುಂಡನೆಯ ಗೋಪುರ ನೆಪೋಲಿಯನ್ ದಂಡೆತ್ತಿ ಬಂದರೆ ಅಂತ ಹೆದರಿ ಕಟ್ಟಿದ್ದು. ಅಲ್ಲಿಂದ ರಾದರ್ ನದಿಯ ಪಕ್ಕದಲ್ಲೇ ಸಪಾಟು ದಾರಿ, ಸಮುದ್ರದವರೆಗೂ.

ನಾಯಿ ಕರೆದುಕೊಂಡು ಬರಬಹುದು, ಆದರೆ ಲೀಶ್ ಬಿಚ್ಚುವ ಹಾಗಿಲ್ಲ. ಇದು ಸುಮ್ನೆ ಹಾಕಿರುವ ನಿಯಮ ಅಲ್ಲ. ಪಶ್ಚಿಮ ಆಫ್ರಿಕಾದಿಂದ ಬೇಸಿಗೆಗೆ ಬರುವ ಲಿಟಲ್ ಟರ್ನ್ ಹಕ್ಕಿ ಗೂಡು ಕಟ್ಟುವುದಿಲ್ಲ, ಕಲ್ಲಿನ ನಡುವೆ ಸಣ್ಣ ಗುಂಡಿ ಮಾಡಿ ಅಲ್ಲೇ ಮೊಟ್ಟೆ ಇಟ್ಟುಬಿಡುತ್ತದೆ. ಮೊಟ್ಟೆಯ ಬಣ್ಣ, ಚುಕ್ಕೆ ಎಲ್ಲ ಕಲ್ಲಿನ ಥರವೇ, ಮನುಷ್ಯರ ಕಣ್ಣಿಗೇ ಕಾಣಲ್ಲ, ಇನ್ನು ಬೋಂಡನ ಕಾಲಿಗೆ ಏನು ಗೊತ್ತಾಗಬೇಕು ಹೇಳಿ! ಭದ್ರಾ ಹಿನ್ನೀರಿನಲ್ಲಿ ರಿವರ್ ಟರ್ನ್ ನೋಡಿದ್ದೀರಲ್ವಾ, ಇದು ಅದರ ಚಿಕ್ಕ ನೆಂಟ. ಮೊಟ್ಟೆ ಇಡುವ ಜಾಗಕ್ಕೆ ಕರೆಂಟ್ ಬೇಲಿ ಹಾಕಿದ್ದಾರೆ, ಹಾಗಾಗಿ ಮೊಟ್ಟೆಯ ಶಾಟ್ ನನ್ನ ಹತ್ತಿರ ಇಲ್ಲ.

ಈ ಕಲ್ಲುಗಳಲ್ಲಿ ಹೆಚ್ಚಿನವು ಚಕಮಕಿ ಕಲ್ಲು. ಬಿಳಿ ಸುಣ್ಣದ ಬಂಡೆಗಳಿಂದ ಉದುರಿ, ಅಲೆಗೆ ಸಿಕ್ಕಿ ಉಜ್ಜಿ ಉಜ್ಜಿ ನುಣ್ಣಗಾಗಿ, ದಡದುದ್ದಕ್ಕೂ ಪೂರ್ವಕ್ಕೆ ಸರಿಯುತ್ತಾ ಇಲ್ಲಿಗೆ ಬಂದಿವೆ. ತಮಾಷೆ ಏನು ಗೊತ್ತಾ? ಸಮುದ್ರ ಇಲ್ಲಿ ತಂದು ಗುಡ್ಡೆ ಹಾಕಿದ್ದನ್ನು ಲಾರಿಯಲ್ಲಿ ತುಂಬಿ ಮತ್ತೆ ಪಶ್ಚಿಮಕ್ಕೆ ಒಯ್ದು ಸುರಿಯುತ್ತಾರೆ, ಅಲ್ಲಿನ ದಡ ಕೊಚ್ಚಿಹೋಗಬಾರದು ಅಂತ. ಸಮುದ್ರ ಅದನ್ನೇ ಮತ್ತೆ ತಳ್ಳಿಕೊಂಡು ಬರುತ್ತದೆ.

ಇಲ್ಲಿ ಸ್ವಲ್ಪ ಹತ್ತಿರ ಬನ್ನಿ. ಇದು ಸೀ ಕೇಲ್, ಕೋಸಿನ ಜಾತಿಯದು. ಮಣ್ಣೇ ಕಾಣದ ಕಡೆ ಬೇರು ಆಳಕ್ಕೆ ಇಳಿಸಿ ಬದುಕುತ್ತದೆ. ಎಲೆ ದಪ್ಪ, ಅಂಚೆಲ್ಲ ಸುಕ್ಕು, ಮೇಲೆ ಮೇಣದ ಪದರ, ನೀರಿನ ಹನಿ ಬಿದ್ದರೆ ಅಂಟದೆ ಉರುಳಿಹೋಗುತ್ತದೆ. ಬಿಳಿ ಹೂವಿಗೆ ಜೇನಿನ ವಾಸನೆ.

ದೂರದಲ್ಲಿ ಒಂಟಿಯಾಗಿ ನಿಂತಿರುವುದು ಹಳೇ ಲೈಫ್‌ಬೋಟ್ ಮನೆ. 1928ರ ನವೆಂಬರ್ 15ರಂದು, ಬಿರುಗಾಳಿಯಲ್ಲಿ ಸಿಕ್ಕಿಬಿದ್ದ ಹಡಗಿನವರನ್ನು ಉಳಿಸಲು ‘ಮೇರಿ ಸ್ಟ್ಯಾನ್‌ಫರ್ಡ್’ ದೋಣಿ ಇಲ್ಲಿಂದ ಹೊರಟಿತು. ಅಷ್ಟರಲ್ಲಿ ಆ ಹಡಗಿನವರನ್ನು ಬೇರೆ ಹಡಗು ಉಳಿಸಿಯಾಗಿತ್ತು. ವಾಪಸ್ ಬನ್ನಿ ಅಂತ ಕೊಟ್ಟ ಸಂಕೇತ ದೋಣಿಯವರಿಗೆ ಕಾಣಲಿಲ್ಲ. ದೋಣಿ ಮಗುಚಿ, ಅದರಲ್ಲಿದ್ದ ಹದಿನೇಳೂ ಜನ ತೀರಿಹೋದರು, ಎಲ್ಲರೂ ಇದೇ ಪುಟ್ಟ ಊರಿನ ಕಡೆಯವರು. ಇಲ್ಲಿ ಮ್ಯೂಸಿಕ್ ಹಾಕಲು ನನಗೆ ಮನಸ್ಸಾಗಲಿಲ್ಲ.

ರಿಸರ್ವ್ ದಾಟಿ ವಿಂಚೆಲ್ಸಿ ಬೀಚ್ ಕಡೆ ಬಂದ ಮೇಲೆ ಬೋರ್ಡ್ ಓದಿಕೊಂಡು ಲೀಶ್ ಬಿಚ್ಚಿದೆ. ಬೋಂಡ ಸೀದಾ ನೀರಿಗೆ ಹಾರಿದ, ಅಷ್ಟೇ ವೇಗವಾಗಿ ವಾಪಸ್ ಬಂದು ಕ್ಯಾಮೆರಾ ಎದುರೇ ಮೈ ಕೊಡವಿದ. ಮುಂದಿನ ಶಾಟ್‌ಗಳೆಲ್ಲ ಮಸುಕಾಗಿದ್ದರೆ ಅವನನ್ನೇ ಕೇಳಿ.