ಹೊಳೆಯ ಮೇಲಕ್ಕೋ, ಹೊಳೆಯ ಕೆಳಕ್ಕೋ?

‘ಹೋಗು’ ಎಂದು ಒಮ್ಮೆ ಹೇಳಿ ನೋಡಿ. ಕನ್ನಡದಲ್ಲಿ ಅಷ್ಟು ಸಾಕು. ಎತ್ತ ಎಂಬುದನ್ನು ಬೇಕಾದರೆ ಸೇರಿಸುತ್ತೇವೆ, ಬೇಡವಾದರೆ ಬಿಡುತ್ತೇವೆ. ಚೀನಾದ ಸಿಚುವಾನ್ ಪ್ರಾಂತದ ವಾಯವ್ಯ ಬೆಟ್ಟಗಳಲ್ಲಿ, ಮಿನ್ ನದಿಯ ಕಣಿವೆಯಲ್ಲಿ, ಚಿಯಾಂಗ್ ಎಂಬ ಜನರಿದ್ದಾರೆ. ಅವರ ಮಾತಿನಲ್ಲಿ ದಿಕ್ಕು ಕ್ರಿಯಾಪದದ ತಲೆಯ ಮೇಲೆಯೇ ಕುಳಿತಿರುತ್ತದೆ. ಉತ್ತರ ಚಿಯಾಂಗ್ ನುಡಿಯಲ್ಲಿ ಇದಕ್ಕೆಂದು ಎಂಟು ಉಪಸರ್ಗಗಳಿವೆ: ಮೇಲೆ, ಕೆಳಗೆ, ಹೊಳೆಯ ಮೇಲಕ್ಕೆ, ಹೊಳೆಯ ಕೆಳಕ್ಕೆ, ಒಳಗೆ, ಹೊರಗೆ, ನಡುವಿನ ಕಡೆಗೆ, ನಡುವಿನಿಂದ ಆಚೆಗೆ. ಒಬ್ಬರಿಗೆ ಅಪ್ಪಣೆ ಕೊಡಬೇಕಾದರೂ ಈ ಎಂಟರಲ್ಲಿ ಒಂದು ಬೇಕು.

ನಮ್ಮ ಕರಾವಳಿಯವರು ‘ಘಟ್ಟ ಹತ್ತಿದರು’ ಎಂದಾಗ ಊರಿನ ಹೆಸರಿಲ್ಲದೆಯೂ ದಿಕ್ಕು ತಿಳಿಯುತ್ತದೆ. ಅಂಥ ತಿಳಿವಳಿಕೆಯನ್ನು ಇಡೀ ವ್ಯಾಕರಣಕ್ಕೆ ಹರಡಿದರೆ ಹೇಗಿರುತ್ತದೆ ಎಂದು ಊಹಿಸಿಕೊಳ್ಳಿ. ನದಿಯೊಂದು ಸಾವಿರಾರು ವರ್ಷ ಜನರ ನಡುವೆ ಹರಿದು ಕೊನೆಗೆ ಅವರ ವ್ಯಾಕರಣದೊಳಗೂ ಹರಿದಿದೆ. ಆ ನದಿ ಇನ್ನೂ ಇದೆ. ಆ ಮಾತು ಉಳಿಯುತ್ತದೆಯೇ ಎಂಬುದೇ ನನ್ನ ಇಂದಿನ ಆತಂಕ.

ಈ ಸೀಮೆಯನ್ನು ಚೀನೀಯರು ಅಬಾ ಎನ್ನುತ್ತಾರೆ. ಟಿಬೆಟಿಯನ್ನರ ಬಾಯಲ್ಲಿ ಅದು ಙಾವಾ. ವರ್ಣಮಾಲೆಯಲ್ಲಿ ಕಲಿತು ನಾವು ಬಹುತೇಕ ಮರೆತೇಬಿಟ್ಟ ಙ ಅಲ್ಲಿ ಒಂದು ನಾಡಿನ ಹೆಸರಿನ ಮೊದಲಕ್ಷರ. ವಿಸ್ತೀರ್ಣ ಸುಮಾರು 84,000 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಜನಸಂಖ್ಯೆ ಮಾತ್ರ ಎಂಟು ಲಕ್ಷ ಚಿಲ್ಲರೆ. ಟಿಬೆಟ್ ಪ್ರಸ್ಥಭೂಮಿ ಮುಗಿದು ಸಿಚುವಾನಿನ ಬಯಲಿಗೆ ನೆಲ ಕುಸಿದು ಇಳಿಯುವ ಅಂಚು ಇದು. ಉತ್ತರದ ಜೋಗೆಯಲ್ಲಿ ಯಾಕ್ ಮೇಯುವ ಜವುಗು ಹುಲ್ಲುಗಾವಲು. ಹಳದಿ ನದಿ ತನ್ನ ಮೊದಲ ದೊಡ್ಡ ತಿರುವನ್ನು ಅಲ್ಲೇ ತೆಗೆದುಕೊಳ್ಳುತ್ತದೆ. ದಕ್ಷಿಣದಲ್ಲಿ 6,250 ಮೀಟರ್ ಎತ್ತರದ ಸಿಗುನಿಯಾಂಗ್ ಶಿಖರ. ನಡುವೆಲ್ಲ ಕಡಿದಾದ ಕಮರಿಗಳು. ಒಂದು ಕಣಿವೆಯ ಮಾತು ಪಕ್ಕದ ಕಣಿವೆಗೆ ತಿಳಿಯದಷ್ಟು ಕಡಿದು.

ಸರ್ಕಾರಿ ದಾಖಲೆಯಲ್ಲಿ ಇದು ‘ಅಬಾ ಟಿಬೆಟಿಯನ್ ಮತ್ತು ಚಿಯಾಂಗ್ ಸ್ವಾಯತ್ತ ಪ್ರಿಫೆಕ್ಚರ್’, ಅಂದರೆ ನಮ್ಮ ಜಿಲ್ಲೆಯಂಥ ಒಂದು ಆಡಳಿತ ವಿಭಾಗ. ಚಿಯಾಂಗ್ ಹೆಸರು ಸೇರಿದ್ದು 1987ರಲ್ಲಿ. ಎರಡು ಜನಾಂಗ, ಎರಡು ಡಬ್ಬಿ. ನನ್ನ ತಕರಾರು ಶುರುವಾಗುವುದು ಇಲ್ಲಿಂದ. ಹೈಶ್ವೇ ತಾಲೂಕಿನ ಎಷ್ಟೋ ಜನ ಮನೆಯಲ್ಲಿ ಆಡುವುದು ಚಿಯಾಂಗ್ ನುಡಿ. ದಾಖಲೆಯಲ್ಲಿ ಅವರು ಟಿಬೆಟಿಯನ್ನರು. ಜಿಲ್ಲಾ ಕೇಂದ್ರ ಬರ್ಕಮ್‌ನ ಸುತ್ತ ಗ್ಯಾಲ್ರೋಂಗ್ ಜನರಿದ್ದಾರೆ. ಧರ್ಮದಲ್ಲಿ, ಮನಸ್ಸಿನಲ್ಲಿ ಅವರು ಟಿಬೆಟಿಯನ್ನರೇ. ಅವರ ಮಾತು ಮಾತ್ರ ಲಾಸಾದವರಿಗೆ ಅರ್ಥವಾಗುವುದಿಲ್ಲ. ಭಾಷಾಶಾಸ್ತ್ರಜ್ಞರು ಅದನ್ನು ಚಿಯಾಂಗ್ ನುಡಿಯ ನೆಂಟನೆಂದು ಗುರುತಿಸುತ್ತಾರೆ, ಅದರ ಕ್ರಿಯಾಪದಗಳಲ್ಲೂ ಹೊಳೆಯ ಮೇಲು ಕೆಳಗು ಇದೆ. ಎರಡೇ ಡಬ್ಬಿ ಇಟ್ಟುಕೊಂಡು ಎಣಿಸುವವರ ಕಣ್ಣಿಗೆ ಈ ನುಡಿಗಳು ಬೀಳುವುದೇ ಇಲ್ಲ. ಲೆಕ್ಕಕ್ಕೆ ಬಾರದ್ದಕ್ಕೆ ಶಾಲೆ ಇಲ್ಲ, ಪುಸ್ತಕವಿಲ್ಲ.

ಕಮರಿಗಳ ಆಳ ಮಾತುಗಳನ್ನಷ್ಟೇ ಅಲ್ಲ, ನಂಬಿಕೆಗಳನ್ನೂ ಕಾಪಾಡಿತ್ತು. ಹದಿನೇಳನೆಯ ಶತಮಾನದಲ್ಲಿ ಐದನೆಯ ದಲೈಲಾಮಾ ಅವರ ಆಡಳಿತ ಟಿಬೆಟಿಯನ್ ಬೌದ್ಧರ ಜೋನಂಗ್ ಪಂಥವನ್ನು ಹತ್ತಿಕ್ಕಿತು. ಅದು ಅಳಿದೇಹೋಯಿತೆಂದು ಹೊರಗಿನ ವಿದ್ವಾಂಸರು ಬಹುಕಾಲ ನಂಬಿದ್ದರು. ಇದೇ ಸೀಮೆಯ ಜಮ್ತಂಗ್‌ನಲ್ಲಿ ಆ ಪಂಥ ತನ್ನಷ್ಟಕ್ಕೆ ಬದುಕಿತ್ತು.

ಈಗ ಕಲ್ಲಿನ ಗೋಪುರಗಳ ವಿಷಯ. ಚಿಯಾಂಗ್ ಮತ್ತು ಗ್ಯಾಲ್ರೋಂಗ್ ಹಳ್ಳಿಗಳಲ್ಲಿ ಮನೆಗಳ ನಡುವಿನಿಂದ ಎದ್ದು ನಿಂತ ಕಾವಲು ಗೋಪುರಗಳಿವೆ. ಕಾಡುಕಲ್ಲು ಮತ್ತು ಹಳದಿ ಮಣ್ಣು, ಇಷ್ಟರಿಂದಲೇ ಕಟ್ಟಿದ್ದು. ಹದಿನೆಂಟನೆಯ ಶತಮಾನದಲ್ಲಿ ಚೀನಾದ ಚಿಯೆನ್‌ಲಾಂಗ್ ಚಕ್ರವರ್ತಿ ಜಿನ್‌ಚುವಾನ್‌ನ ಪುಟ್ಟ ಗ್ಯಾಲ್ರೋಂಗ್ ರಾಜ್ಯಗಳನ್ನು ಬಗ್ಗಿಸಲು ಎರಡು ಯುದ್ಧ ಮಾಡಿದ. ಈ ಗೋಪುರಗಳ ಮುಂದೆ ಅವನ ಸೈನ್ಯ ತಿಂಗಳುಗಟ್ಟಲೆ ನಿಂತಿತು. ಕೊನೆಗೆ ಅವನು ಬೀಜಿಂಗ್ ಬಳಿಯ ಬೆಟ್ಟದಲ್ಲಿ ಅಂಥವೇ ಗೋಪುರಗಳನ್ನು ಕಟ್ಟಿಸಿ, ಅವನ್ನು ಹತ್ತುವುದನ್ನು ಸೈನಿಕರಿಗೆ ಕಲಿಸಬೇಕಾಯಿತು. 1771ರಿಂದ 1776ರವರೆಗಿನ ಎರಡನೆಯ ಯುದ್ಧಕ್ಕೆ ಆರು ಕೋಟಿ ತಾಯೆಲ್‌ಗೂ (ಬೆಳ್ಳಿ ಅಳೆಯುವ ಚೀನಾದ ಹಳೆಯ ತೂಕ) ಮೀರಿ ಬೆಳ್ಳಿ ಸುರಿಯಿತು. ಏಷ್ಯಾದ ಅತಿ ದೊಡ್ಡ ಸಾಮ್ರಾಜ್ಯವೊಂದು ಕೆಲವು ಕಣಿವೆಗಳಿಗಾಗಿ ಅಷ್ಟು ಬೆಳ್ಳಿಯನ್ನು ಕರಗಿಸಿತು.

ನೆಲ ನಡುಗಿದಾಗಲೂ ಈ ಕಲ್ಲು ಅಷ್ಟೇ ಹಟಮಾರಿ. ಇಲ್ಲಿ ಭೂಮಿ ಪದೇ ಪದೇ ನಡುಗುತ್ತದೆ. 1933ರ ಆಗಸ್ಟ್ 25ರಂದು ಬೆಟ್ಟ ಕುಸಿದು ಮಿನ್ ನದಿಗೇ ಅಡ್ಡಗಟ್ಟೆಯಾಯಿತು, ದಿಯೆಶಿ ಪಟ್ಟಣ ನಾಶವಾಯಿತು. 45 ದಿನಗಳ ಬಳಿಕ ಆ ಕಟ್ಟೆ ಒಡೆದು ನದಿಯ ಕೆಳಗಿನ ಊರುಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ಕೊಚ್ಚಿಹೋದರು. 2008ರ ಮೇ 12ರ ಮಧ್ಯಾಹ್ನ 2 ಗಂಟೆ 28 ನಿಮಿಷಕ್ಕೆ ವೆನ್‌ಚುವಾನ್ ಭೂಕಂಪ. ಸಿಚುವಾನ್ ಮತ್ತು ನೆರೆಯ ಪ್ರಾಂತಗಳಲ್ಲಿ ಸುಮಾರು 69,000 ಜನ ಸತ್ತರು, 18,000 ಜನ ಸಿಗಲೇ ಇಲ್ಲ. ತಾವೋಪಿಂಗ್ ಹಳ್ಳಿಯ ಹಳೆಯ ಗೋಪುರಗಳು ದೊಡ್ಡ ಹಾನಿಯಿಲ್ಲದೆ ನಿಂತೇ ಇದ್ದವು.

ಚಿಯಾಂಗರ ಮೊತ್ತ 2010ರ ಜನಗಣತಿಯಲ್ಲಿ ಮೂರು ಲಕ್ಷ ಚಿಲ್ಲರೆ. ಅವರ ನೆಲವೇ ಭೂಕಂಪದ ನಡುಗೇಂದ್ರವಾಗಿತ್ತು. ಅವರಿಗೆ ಪರಂಪರೆಯಿಂದ ಬಂದ ಲಿಪಿ ಇಲ್ಲ. ಲೋಕ ಹುಟ್ಟಿದ ಕಥೆ, ವಲಸೆಯ ಕಥೆ, ಬಿಳಿಯ ಕಲ್ಲಿನಿಂದ ಶತ್ರುವನ್ನು ಗೆದ್ದ ಕಥೆ, ಎಲ್ಲವೂ ಶಿಬಿ ಎಂದು ಕರೆಯುವ ಪುರೋಹಿತರ ನೆನಪಿನಲ್ಲಿ, ಆಡಿನ ಚರ್ಮದ ತಮಟೆಯ ಲಯದಲ್ಲಿ ಉಳಿದಿದ್ದವು. ಅಂಥ ಮುದುಕನೊಬ್ಬ ಸತ್ತರೆ ಅವನೊಂದಿಗೆ ಹೋಗುವುದಕ್ಕೆ ಪ್ರತಿ ಇಲ್ಲ. ಭೂಕಂಪದ ಮರುವರ್ಷ ಯುನೆಸ್ಕೋ ಚಿಯಾಂಗ್ ಹೊಸವರ್ಷದ ಹಬ್ಬವನ್ನು ತುರ್ತಾಗಿ ಉಳಿಸಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. 2024ರಲ್ಲಿ ಅಪಾಯ ತಗ್ಗಿತೆಂದು ಅದನ್ನು ಸಾಮಾನ್ಯ ಪಟ್ಟಿಗೆ ಬದಲಿಸಲಾಯಿತು.

ಹಬ್ಬ ಉಳಿದದ್ದು ನನಗೆ ಸಂತೋಷವೇ. ಊರುಗಳನ್ನು ವೇಗವಾಗಿ ಮತ್ತೆ ಕಟ್ಟಿದ್ದಾರೆ, ಬಿಳಿ ಕಲ್ಲನ್ನು ಮತ್ತೆ ಸೂರಿನ ಮೇಲಿಟ್ಟಿದ್ದಾರೆ, ಪ್ರವಾಸಿಗರು ಬರುತ್ತಾರೆ, ಅದರಿಂದ ಮನೆಗಳಲ್ಲಿ ಒಲೆ ಉರಿಯುತ್ತಿದೆ. ಅದನ್ನು ಹಗುರವಾಗಿ ಕಾಣಲಾರೆ. ಆದರೆ ಕುಣಿತಕ್ಕೆ ಮಾತು ಬೇಕಿಲ್ಲ, ಕಸೂತಿಗೆ ಬೇಕಿಲ್ಲ, ಗೋಪುರಕ್ಕಂತೂ ಬೇಡವೇ ಬೇಡ. ಕಣ್ಣಿಗೆ ಕಾಣುವುದೆಲ್ಲ ಉಳಿದು, ಅಂಗಳದಲ್ಲಿ ಮಕ್ಕಳು ಚೀನೀ ಭಾಷೆಯಲ್ಲೇ ಜಗಳವಾಡುವ ದಿನ ಬಂದರೆ ಉಳಿಸಿದ್ದೇನು ಎಂದು ನಾನು ಕೇಳುತ್ತೇನೆ. ಭೂಕಂಪದ ನಂತರ ಎತ್ತರದ ಕೆಲವು ಹಳ್ಳಿಗಳವರನ್ನು ದೂರದ ಚಿಯೊಂಗ್‌ಲೈ ಕಡೆಗೆ ಸಾಗಿಸಿದರು. ಮಿನ್ ನದಿಯೇ ಕಾಣದ ಊರಿನಲ್ಲಿ ಹುಟ್ಟಿದ ಮಗು ಆ ಎಂಟು ದಿಕ್ಕುಗಳನ್ನು ಎಲ್ಲಿಂದ ಕಲಿಯಬೇಕು?

ಟಿಬೆಟಿಯನ್ ನುಡಿಗೆ ಲಿಪಿಯಿದೆ, ಮಠಗಳಿವೆ, ಸಾವಿರ ವರ್ಷ ದಾಟಿದ ಸಾಹಿತ್ಯವಿದೆ. ಅದಕ್ಕೂ ನೆಮ್ಮದಿಯಿಲ್ಲ. ಶಾಲೆಗಳು ಚೀನೀ ಮಾಧ್ಯಮಕ್ಕೆ ವಾಲುತ್ತಿವೆ. 2009ರಲ್ಲಿ ಙಾವಾದ ಕೀರ್ತಿ ಮಠದ ಯುವ ಭಿಕ್ಷುವೊಬ್ಬ ಮೈಗೆ ಬೆಂಕಿ ಹಚ್ಚಿಕೊಂಡ. ಆಮೇಲೆ ಟಿಬೆಟಿಯನ್ ನೆಲದುದ್ದಕ್ಕೂ 150ಕ್ಕೂ ಹೆಚ್ಚು ಜನ ಅದೇ ದಾರಿ ಹಿಡಿದರು. ಅಷ್ಟು ಜನ ಆ ತುದಿಗೆ ಹೋದದ್ದನ್ನು ನೆನೆದರೆ ಇಂದಿಗೂ ನನ್ನ ದನಿ ತಗ್ಗುತ್ತದೆ. ದಲೈಲಾಮಾ ಮರಳಿ ಬರಲಿ ಎಂಬ ಕೂಗಿನ ಜೊತೆ, ನಮ್ಮ ಮಾತು ಉಳಿಯಲಿ ಎಂಬ ಕೂಗೂ ಅವರಲ್ಲಿ ಕೆಲವರದಾಗಿತ್ತು.

ನಮಗೂ ಆ ಬೆಟ್ಟಗಳಿಗೂ ಒಂದು ನಂಟಿದೆ. ಉತ್ತರ ಕನ್ನಡದ ಮುಂಡಗೋಡಿನಲ್ಲಿ ಮತ್ತೆ ಕಟ್ಟಿದ ಡ್ರೆಪುಂಗ್ ಮಠದಲ್ಲಿ ಭಿಕ್ಷುಗಳು ಬಂದ ಸೀಮೆಯ ಪ್ರಕಾರ ಬೇರೆ ಬೇರೆ ವಸತಿಗಳಿವೆ. ಅವುಗಳಲ್ಲಿ ಒಂದರ ಹೆಸರು ಗ್ಯಾಲ್ರೋಂಗ್. ಅರವತ್ತು ವರ್ಷಗಳಿಂದ ನಾವು ಅವರನ್ನೆಲ್ಲ ‘ಟಿಬೆಟಿನವರು’ ಎಂಬ ಒಂದೇ ಮಾತಿನಲ್ಲಿ ಕರೆದು ಮುಂದೆ ಹೋಗಿದ್ದೇವೆ. ನಾನೂ ಹಾಗೆಯೇ ಕರೆದವನು. ಇನ್ನೊಮ್ಮೆ ಅಲ್ಲಿಗೆ ಹೋದಾಗ, ಆ ಸೀಮೆಯ ಹಿರಿಯ ಭಿಕ್ಷು ಯಾರಾದರೂ ಸಿಕ್ಕರೆ ಕೇಳಬೇಕೆಂದಿದ್ದೇನೆ: ನಿಮ್ಮ ತಾಯಿ ನಿಮ್ಮನ್ನು ಊಟಕ್ಕೆ ಕರೆಯುತ್ತಿದ್ದುದು ಯಾವ ಮಾತಿನಲ್ಲಿ, ಸ್ವಾಮಿ? ಆ ಮಾತಿನಲ್ಲಿ ‘ನಾನು ಮುಂಡಗೋಡಿಗೆ ಬಂದೆ’ ಎನ್ನಬೇಕಾದರೆ ಯಾವ ದಿಕ್ಕು ಸೇರಿಸುತ್ತೀರಿ, ಹೊಳೆಯ ಮೇಲಕ್ಕೋ, ಹೊಳೆಯ ಕೆಳಕ್ಕೋ?